ಪೂಜೆಗಿಟ್ಟ ಟಾರ್ಚುಗಳು

ಸೆಪ್ಟೆಂಬರ್ 26, ಶುಕ್ರವಾರ

ಮೊಮ್ಮಗಳು ರಂಜಿತ ಹಬ್ಬಕ್ಕೆ ಬಂದಳು. ಮಗ ಚಂದ್ರಮೋಹನ ಕೋಲಾರದ ಬಸ್ ಸ್ಟ್ಯಾಂಡಿನಿಂದ ಬೈಕಿನಲ್ಲಿ ಕರೆದುಕೊಂಡು ಬಂದ. ಇವತ್ತೇ ಸಾಕಲು ತರಿಸಿದ ಚಾಕಿ, ರೇಷ್ಮೆಯ ಮರಿಹುಳುವೂ ಬಂದಿದ್ದರಿಂದ ಮನೆಯಲ್ಲಿ ಯಾರಿಗೂ ಕೈ ಬಿಡುವಿರಲಿಲ್ಲ. ಅವಳು ಬ್ಯಾಗು ಇಟ್ಟವಳೇ ಹಿಪ್ಪುನೇರಳೆ ಸೊಪ್ಪು ಕತ್ತರಿಸಲು ಕೂತಳು. ಅದೊಂದು ಗುಣ ಇನ್ನೂ ಕೆಟ್ಟಿಲ್ಲ.

ಆಂಧ್ರದ ಕಡೆ ವಿಮಾನ ಓಡಿಸುವುದನ್ನು ಕಲಿಯುತ್ತಿದ್ದಾಳೆ. ಹೋದ ವರ್ಷ ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ನಮ್ಮ ಹುತ್ತೂರಿನಲ್ಲಿ ಹತ್ತು ಜನ ಹತ್ತು ಮಾತಾಡಿದಾಗ, ಎಸ್ಸೆಸ್ಸೆಲ್ಸಿ ಓದಲು ನಾನು ಕೋಲಾರಕ್ಕೆ ಹೋದಾಗಲೂ ನಿಮ್ಮ ತಾತಂದಿರು ಇದನ್ನೇ ಆಡಿದ್ದರು ಅಂತ ಬಾಯಿ ಮುಚ್ಚಿಸಿದ್ದೆ. ಆಗ ನಾನು ಹಗಲು ಹಾರುವ ಲೆಕ್ಕವಷ್ಟೇ ಇಟ್ಟುಕೊಂಡಿದ್ದೆ. ಊಟಕ್ಕೆ ಕೂತಾಗ ಹೇಳುತ್ತಾಳೆ, ವಾಪಸು ಹೋದ ಮೇಲೆ ರಾತ್ರಿ ಹಾರುವುದಂತೆ. ಮೊದಲು ಮೇಷ್ಟ್ರ ಜೊತೆ, ಆಮೇಲೆ ಒಬ್ಬಳೇ.

ಹಗಲು ಎಷ್ಟು ಬೇಕಾದರೂ ಹಾರು, ರಾತ್ರಿ ಬೇಡ ಎಂದೆ. ರಾತ್ರಿ ಹಾರದೆ ಲೈಸೆನ್ಸ್ ಕೊಡುವುದಿಲ್ಲ ಎಂದಳು. ಹಾಗಾದರೆ ಲೈಸೆನ್ಸ್ ಬೇಡ ಎಂದೆ. ಸೊಸೆ ವೆಂಕಟಲಕ್ಷ್ಮಿ ಮುದ್ದೆ ಮುರಿಯುತ್ತಿದ್ದವಳು ಹಾಗೇ ಕೈ ತಡೆದು ಕೂತಳು.

ಸೆಪ್ಟೆಂಬರ್ 28, ಭಾನುವಾರ

ಹುಡುಗಿ ನನ್ನನ್ನು ಒಲಿಸಿಕೊಳ್ಳಲು ಹೊಸ ದಾರಿ ಹುಡುಕಿದ್ದಾಳೆ. ಹೊತ್ತು ಮುಳುಗುತ್ತಿದ್ದಂತೆ ತನ್ನ ಬ್ಯಾಗಿನಿಂದ ಎರಡು ಸಣ್ಣ ಟಾರ್ಚು ತಂದು ನನ್ನ ಮುಂದೆ ಇಟ್ಟಳು. ರಾತ್ರಿ ವಿಮಾನ ನಡೆಸುವವರ ಹತ್ತಿರ ಅವರದೇ ಟಾರ್ಚು ಇರಲೇಬೇಕು ಅಂತ ನಿಯಮವಂತೆ. ಅವಳ ಮೇಷ್ಟ್ರಿಗೆ ಒಂದು ಸಾಲದು. ಒಂದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು, ಕೈಜಾರಿ ಕಾಲಡಿ ಉರುಳಿದರೆ ಕತ್ತಲಲ್ಲಿ ಸಿಗುವುದಿಲ್ಲ. ಇನ್ನೊಂದು ಜೇಬಿನಲ್ಲಿ. ಬ್ಯಾಗಿನಲ್ಲಿ ಬೇರೆ ಸೆಲ್.

ಹತ್ತುವ ಮೊದಲು ಬಿಳಿ ಬೆಳಕು ಹಾಕಿ ವಿಮಾನದ ಸುತ್ತ ಬಂದು, ಎಲ್ಲಾದರೂ ಎಣ್ಣೆ ಜಿನುಗಿದೆಯೇ ಅಂತ ನೋಡುತ್ತಾರಂತೆ. ಒಳಗೆ ಕೂತ ಮೇಲೆ ಮಂದ ಬೆಳಕು ಮಾತ್ರ, ಇಲ್ಲದಿದ್ದರೆ ಕಣ್ಣು ಕುಕ್ಕಿ ಹೊರಗಿನದು ಏನೂ ಕಾಣುವುದಿಲ್ಲ. ಒಂದು ಟಾರ್ಚಿನಲ್ಲಿ ಕೆಂಪು ದೀಪವೂ ಇದೆ. ಅದು ಕಣ್ಣಿಗೆ ಹಿತ, ಆದರೆ ನಂಬಬಾರದು ಅಂದಳು. ಯಾಕೆ ಅಂತ ಕೇಳಿದ್ದಕ್ಕೆ ಮನೆಯ ದೀಪ ಆರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಬೆಳಕು ಬಿಟ್ಟಳು. ಕೆಂಪಕ್ಷರದಲ್ಲಿದ್ದ ಹಬ್ಬಗಳೆಲ್ಲ ಮಾಯ. ಕಪ್ಪಕ್ಷರದ ಕೆಲಸದ ದಿನಗಳಷ್ಟೇ ಉಳಿದವು. ನಕ್ಷೆಯ ಕೆಂಪು ಗೆರೆಯೂ ಹೀಗೇ ಹೋಗುತ್ತದಂತೆ.

ಆಮೇಲೆ ನನ್ನನ್ನು ಹುಳುಮನೆಯ ಜಗಲಿಗೆ ಕರೆದುಕೊಂಡು ಹೋಗಿ ಎಲ್ಲ ದೀಪ ಆರಿಸಿ ಕೂರಿಸಿದಳು. ಮೊದಲು ನನ್ನ ಕೈಯೇ ನನಗೆ ಕಾಣಲಿಲ್ಲ. ಈ ವಯಸ್ಸಿನಲ್ಲಿ ಕತ್ತಲೆಗೆ ಹೆದರುತ್ತೇನೆ ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಸೆರಗಿನ ಚುಂಗು ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಹುಣಸೆಮರ ಕಂಡಿತು, ಆಮೇಲೆ ನೀರಿನ ತೊಟ್ಟಿಯ ಅಂಚು, ಅದರ ಮೇಲೆ ಮಲಗಿದ್ದ ಬೆಕ್ಕು. ಇಷ್ಟೆಲ್ಲ ಇಲ್ಲೇ ಇತ್ತೇ ಅನ್ನಿಸಿತು. ಅಷ್ಟರಲ್ಲಿ ಮಗ ಚಂದ್ರ ಬೈಕಿನಲ್ಲಿ ಬಂದ. ಹೆಡ್‌ಲೈಟು ಮುಖಕ್ಕೆ ಹೊಡೆದದ್ದೇ ಎಲ್ಲ ಹೋಯಿತು.

"ನೋಡ್ದ್ಯಾ ಅಜ್ಜಿ, ಒಂದ್ ಗಳಿಗೆ ಸಾಕು ಕೆಡಿಸೋಕೆ. ಮತ್ತೆ ಅರ್ಧ ಗಂಟೆ ಕಾಯ್ಬೇಕು."

ವಿಮಾನದ ಒಳಗಿನ ದೀಪ ಕೈಕೊಟ್ಟರೆ ಏನು ಮಾಡುತ್ತೀ ಅಂತ ಕೇಳಿದೆ. ಎತ್ತರ, ವೇಗ ತೋರಿಸುವ ಡಯಲುಗಳ ಮೇಲೆ ಟಾರ್ಚು ಬಿಟ್ಟುಕೊಂಡು ಇಳಿಸುತ್ತೇನೆ ಎಂದಳು. ಟಾರ್ಚೂ ಹೋದರೆ? ಎರಡನೆಯದಿದೆ ಎಂದಳು. ಅದೂ ಹೋದರೆ?

ಅವಳು ನಕ್ಕಳು. "ಎರಡೂ ಒಂದೇ ಸಲ ಯಾಕಜ್ಜಿ ಹೋಗತ್ತೆ?"

ಸೋತ ಸೆಲ್ಲಿಗೆ ಮಾತ್ರ ಹೆದರಬೇಕಂತೆ. ಒಂದೆರಡು ದಿನ ಸುಮ್ಮನೆ ಬಿಟ್ಟರೆ ಅದೂ ಮೊದಲಿಗೆ ಚೆನ್ನಾಗಿಯೇ ಉರಿಯುತ್ತದೆ, ನಂಬಿಕೊಂಡ ಮೇಲೆ ಇಳಿದು ಹೋಗುತ್ತದೆ.

ಚೆನ್ನಾಗಿ ಹೇಳಿಕೊಟ್ಟಳು. ನನ್ನ ಭಯ ಎರಡಷ್ಟಾಯಿತು.

ಸೆಪ್ಟೆಂಬರ್ 29, ಸೋಮವಾರ

ಇವತ್ತೂ ಬೇಡ ಎಂದೆ. ಚಂದ್ರ ಮಗಳ ಪಕ್ಷ ಹಿಡಿದು ಏನೋ ಹೇಳಲು ಬಂದ. ನೀನು ರಾತ್ರಿ ಹೊತ್ತು ಮಾಲೂರಿನವರೆಗೆ ಬೈಕು ಓಡಿಸು ನೋಡೋಣ, ಆಮೇಲೆ ಆಕಾಶದ ಮಾತಾಡು ಎಂದೆ. ಹೋದ ಸಲ ಮೋರಿಗೆ ಬಿದ್ದು ಬಂದಿದ್ದು ನೆನಪಾಗಿ ಎದ್ದು ಹುಳುಮನೆಯ ಕಡೆ ಹೋದ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ನಮ್ಮ ಅತ್ತೆಯವರ ಕಾಲದಿಂದ ಈ ಮನೆಯಲ್ಲೊಂದು ಕ್ರಮ ಇದೆ. ಪೂಜೆಗೆ ಕೂತ ಆಯುಧದ ಬಾಯಿ ಒಂದು ಹಗಲು ಒಂದು ರಾತ್ರಿ ಕಟ್ಟಿರಬೇಕು. ಕುಡುಗೋಲಿಗೆ ಬಟ್ಟೆ ಸುತ್ತುತ್ತೇವೆ, ಒನಕೆಯನ್ನು ಮಲಗಿಸುತ್ತೇವೆ, ಟ್ರ್ಯಾಕ್ಟರಿನ ಕೀಲಿ ದೇವರ ಮುಂದೆ. ಸೊಪ್ಪು ಕತ್ತರಿಸುವ ಮಚ್ಚಿಗೂ ವಿನಾಯಿತಿ ಇಲ್ಲ, ಹುಳುವಿಗೆ ಬೇಕಾದ ಸೊಪ್ಪು ಹಿಂದಿನ ದಿನವೇ ತಯಾರಿಡುತ್ತೇವೆ. ಟಾರ್ಚುಗಳ ಬಾಯಿ ಕಟ್ಟುವುದು ಹೇಗೆ? ಸೆಲ್ ತೆಗೆದಿಡುವುದು.

ರಂಜಿತಾಳ ಎರಡು ಟಾರ್ಚನ್ನೂ, ಕಿವಿಗೆ ಹಾಕಿಕೊಳ್ಳುವ ಆ ದೊಡ್ಡ ಹೆಡ್‌ಫೋನನ್ನೂ ನಾನೇ ಕೇಳಿ ಇಸಿದುಕೊಂಡೆ. ರಾತ್ರಿ ಹಾರುವುದು ಬೇಡ ಎಂದರೂ, ಅವಳ ಕಸುಬಿನ ಸಾಮಾನು ಪೂಜೆಯಿಂದ ಹೊರಗುಳಿಯಬಾರದು. ಹುಳುಮನೆಯ ಟಾರ್ಚುಗಳೂ ಬಂದವು. ಎಲ್ಲದರ ಸೆಲ್ಲೂ ನಾನೇ ತೆಗೆದೆ. ಅವಳು ಬ್ಯಾಗಿನಲ್ಲಿಟ್ಟಿದ್ದ ಹೊಸ ಸೆಲ್ಲಿನ ಪ್ಯಾಕೆಟ್ಟನ್ನೂ ಒಡೆದೆ. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ ಇಟ್ಟರೆ ಅದು ಯಾರಿಗೆ ಮಾಡಿದ ಪೂಜೆ? ಎಲ್ಲವನ್ನೂ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಒಂದೊಂದಕ್ಕೂ ಅರಿಶಿನ ಕುಂಕುಮ ಇಟ್ಟು, ಚೆಂಡು ಹೂವು ಹಾಕಿದೆ. ನೋಡಲು ಲಕ್ಷಣವಾಗಿತ್ತು.

ಹುಳುಮನೆ ನೋಡಿಕೊಳ್ಳುವ ಗಂಗುಲಪ್ಪ ಬೂದುಗುಂಬಳಕಾಯಿ ಒಡೆದ.

ಅಕ್ಟೋಬರ್ 2, ಗುರುವಾರ

ವಿಜಯದಶಮಿ. ಬೆಳಿಗ್ಗೆ ಸ್ನಾನ ಮಾಡಿ ಆಯುಧಗಳ ಬಾಯಿ ಬಿಚ್ಚಿದೆ. ಸೆಲ್ಲುಗಳ ಕುಂಕುಮ ಒರೆಸಿ ಟಾರ್ಚುಗಳಿಗೆ ಹಾಕಿದ್ದೂ ನಾನೇ. ಈ ಕೆಲಸವನ್ನು ಬೇರೆಯವರ ಕೈಗೆ ಕೊಟ್ಟು ರೂಢಿಯಿಲ್ಲ. ಉಳಿದವನ್ನು ಕಾಗದದಲ್ಲಿ ಸುತ್ತಿ ಅವಳ ಬ್ಯಾಗಿಗೆ ಹಾಕಿದೆ. ಎಲ್ಲ ಟಾರ್ಚೂ ಹತ್ತಿದವು.

ಸಂಜೆ ಹೊರಟಳು. ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈ ಇಟ್ಟೆ. ಅವಳು ಕಾದಳು. ಹೋಗಿ ಬಾ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ಒಪ್ಪಿದ ಹಾಗೆ ಆಗುತ್ತಿತ್ತು. "ಸರಿ ಅಜ್ಜಿ, ಬರ್ತೀನಿ," ಅಂತ ಎದ್ದಳು.

ಅವಳಾಗಿ ಫೋನ್ ಮಾಡುವವರೆಗೆ ನಾನು ಮಾಡುವುದಿಲ್ಲ.

ಅಕ್ಟೋಬರ್ 4, ಶನಿವಾರ

ಮಾಡಿಲ್ಲ. ತಾಯಿಗೆ ಮಾಡುತ್ತಾಳೆ. ಸೊಸೆ ಅಡುಗೆಮನೆಯ ಮೂಲೆಗೆ ಹೋಗಿ ಪಿಸುಗುಟ್ಟುತ್ತಾಳೆ. ನಾನು ಆ ಕಡೆ ಹೋಗುವುದಿಲ್ಲ. ನೀರು ಕುಡಿಯಲು ಮಾತ್ರ ಹೋದೆ.

ಅಕ್ಟೋಬರ್ 6, ಸೋಮವಾರ

ಮಳೆ. ಅವರ ಕಡೆಯೂ ಮೋಡವಂತೆ, ರಾತ್ರಿ ಹಾರುವುದು ನಿಂತಿದೆಯಂತೆ. ಇದನ್ನು ಸೊಸೆ ಗಂಡನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ದೇವರ ಮುಂದೆ ಇನ್ನೊಂದು ದೀಪ ಹಚ್ಚಿದೆ.

ಈ ಮೋಡ ಹೀಗೇ ಕೂತರೆ ಹುಳುಮನೆಯಲ್ಲಿ ಥಂಡಿ ಹೆಚ್ಚಿ ಹುಳುವಿಗೆ ಸುಣ್ಣಕಟ್ಟು ರೋಗ ಬರುತ್ತದೆ ಅಂತ ಚಂದ್ರ ಚಿಂತೆ ಮಾಡುತ್ತಿದ್ದಾನೆ. ಬಂದರೆ ಬರಲಿ, ಹುಳು ಇನ್ನೊಂದು ಸಲ ಮೇಯಿಸಬಹುದು ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಈ ಮನೆಯಲ್ಲಿ ಇಂಥ ಮಾತನ್ನು ನಾನು ಯಾವತ್ತೂ ಆಡಿದವಳಲ್ಲ.

ಅಕ್ಟೋಬರ್ 9, ಗುರುವಾರ

ಮೋಡ ಹರಿದಿದೆ. ಎರಡು ದಿನದಿಂದ ಮೇಷ್ಟ್ರ ಜೊತೆ ಹಾರುತ್ತಿದ್ದಾಳೆ.

ಊಟವಾದ ಮೇಲೆ ಜಗಲಿಗೆ ಹೋಗಿ ದೀಪ ಆರಿಸಿ ಕೂತೆ. ಅತ್ತೆ ಯಾಕೆ ಕತ್ತಲಲ್ಲಿ ಕೂತಿದ್ದೀರಿ ಅಂತ ಸೊಸೆ ಬಂದು ಸ್ವಿಚ್ ಹಾಕಿದಳು. ಗದರಿದೆ. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು. ಮತ್ತೆ ಮೊದಲಿನಿಂದ ಕಾಯಬೇಕಾಯಿತು.

ಬೆಂಗಳೂರಿಗೆ ಇಳಿಯುವ ವಿಮಾನಗಳು ನಮ್ಮ ಊರಿನ ಮೇಲೆಯೇ ಹೋಗುತ್ತವೆ. ಇಷ್ಟು ವರ್ಷ ತಲೆಯೆತ್ತಿ ನೋಡಿದ್ದಿಲ್ಲ. ಒಂದು ಮಗ್ಗುಲಲ್ಲಿ ಕೆಂಪು ದೀಪ, ಇನ್ನೊಂದು ಮಗ್ಗುಲಲ್ಲಿ ಹಸಿರು. ಅದರಲ್ಲಿ ಮುನ್ನೂರು ಜನ ಇರುತ್ತಾರೆ, ನಡೆಸುವವರು ಇಬ್ಬರು. ನಮ್ಮ ಹುಡುಗಿಯ ವಿಮಾನ ಫೋಟೋದಲ್ಲಿ ನೋಡಿದ್ದೇನೆ. ನಮ್ಮ ಟ್ರ್ಯಾಕ್ಟರಿಗಿಂತ ಸ್ವಲ್ಪ ದೊಡ್ಡದು. ಅದರೊಳಗೆ ಕೂತು, ದೀಪ ಹೋಗಿ, ಮೇಲೆ ಹೋಗುತ್ತಿದ್ದೇನೋ ಕೆಳಗೆ ಹೋಗುತ್ತಿದ್ದೇನೋ ತಿಳಿಯದ ಹಾಗಾದರೆ. ಇಷ್ಟು ಯೋಚಿಸಿದ್ದೇ ಎದ್ದು ಒಳಗೆ ಬಂದೆ. ಏನಾಯಿತು ಅಂತ ಕೇಳಿದ್ದಕ್ಕೆ ಮಂಡಿ ನೋವು ಅಂತ ಸೊಸೆಗೆ ಹೇಳಿದೆ, ಅವಳು ಎಣ್ಣೆ ಬಿಸಿ ಮಾಡಿ ತಂದಳು. ಇಲ್ಲದ ನೋವಿಗೆ ಎಣ್ಣೆ ಹಚ್ಚಿಸಿಕೊಂಡು ಕೂತೆ.

ಅಕ್ಟೋಬರ್ 11, ಶನಿವಾರ

ಬರೆಯಲು ಕೂತಿದ್ದೇನೆ, ಅಕ್ಷರ ನೆಟ್ಟಗೆ ಬರುತ್ತಿಲ್ಲ. ಸುಮ್ಮನೆ ಕೂತರೆ ಇನ್ನೂ ಕಷ್ಟ.

ಸಾಯಂಕಾಲ ಹುಳುಮನೆಗೆ ಹೋಗಿದ್ದೆ. ನಾಳೆ ನಾಡಿದ್ದರಲ್ಲಿ ಹುಳು ಹಣ್ಣಾಗುತ್ತವೆ, ಅವು ಗೂಡು ಕಟ್ಟುವ ಚಂದ್ರಿಕೆ ತಟ್ಟಿಗಳನ್ನು ಬಿಸಿಲಿಗೆ ಹಾಕಿ ತೆಗೆದಿಡು ಅಂತ ಗಂಗುಲಪ್ಪನಿಗೆ ಹೇಳುತ್ತಿದ್ದೆ. ಅವನು ಹುಳು ಮೇಯಿಸುವ ಸ್ಟ್ಯಾಂಡಿನ ಅಡಿಯಲ್ಲಿ ಇರುವೆ ಹತ್ತಿದೆಯೇ ಅಂತ ಟಾರ್ಚು ಬಿಟ್ಟು ನೋಡುತ್ತಿದ್ದ. ಬೆಳಕು ಗೋಡೆಗೆ ಬಡಿದು ಇಡೀ ಸಾಲು ಬೆಳ್ಳಗಾಯಿತು.

"ಅಮ್ಮಾವ್ರೆ, ನಿಮ್ದು ಕೈ ಅಂದ್ರೆ ಕೈ," ಎಂದ. "ಹಬ್ಬಕ್ಕೆ ಮುಂಚೆ ಈ ಬ್ಯಾಟ್ರಿ ಮಿಣಿಮಿಣಿ ಅಂತಿತ್ತು. ನೀವ್ ಪೂಜೆ ಮಾಡಿದ್ದೇ ಮಾಡಿದ್ದು, ದಿನಾ ರಾತ್ರಿ ಹಚ್ತೀನಿ, ಲಾರಿ ಲೈಟ್ ಥರಾ ಹೊಡೀತದೆ. ಇದಕ್ಕೂ ದೇವ್ರು ಒಲಿದವ್ನೆ."

ನನಗೆ ಮೊದಲು ಹೆಮ್ಮೆಯೇ ಆಯಿತು. ಬಾಗಿಲವರೆಗೆ ಬಂದ ಮೇಲೆ ಅರ್ಥವಾಯಿತು. ಸೆಲ್ಲಿಗೆ ದೇವರು ಒಲಿಯುವುದಿಲ್ಲ. ಚಂದ್ರ ತರುವುದೂ ಅದೇ ಪೆನ್ಸಿಲ್ ಸೆಲ್, ಅವಳು ತರುವುದೂ ಅದೇ. ತಟ್ಟೆಯಲ್ಲಿ ಎಲ್ಲವೂ ಅರಿಶಿನ ಕುಂಕುಮ ಮೆತ್ತಿಕೊಂಡು ಒಂದೇ ಥರ ಇದ್ದವು. ಹೊಸವು ಗಂಗುಲಪ್ಪನ ಟಾರ್ಚಿಗೆ ಹೋಗಿದ್ದರೆ, ಹುಳುಮನೆಯ ಸೋತ ಸೆಲ್ಲುಗಳು ಎಲ್ಲಿಗೆ ಹೋದವು? ಒಂದು ಟಾರ್ಚಿಗೇ? ಎರಡಕ್ಕೂ? ಬ್ಯಾಗಿನಲ್ಲಿ ಸುತ್ತಿಟ್ಟ ಕಾಗದದೊಳಕ್ಕೂ? ಎರಡೂ ಒಂದೇ ಸಲ ಯಾಕೆ ಹೋಗುತ್ತದೆ ಅಂತ ನಕ್ಕಿದ್ದಳು. ಹಾಗೆ ಹೋಗುವಂತೆ ಅವಳ ಅಜ್ಜಿಯೇ ಕೈಯಾರೆ ತುಂಬಿ ಕಳಿಸಿದ್ದಾಳೆ.

ಸೊಸೆಯನ್ನು ಕೂಗಿದೆ. ರಂಜಿತ ಒಬ್ಬಳೇ ಹಾರುವುದು ಯಾವತ್ತು ಅಂತ ಕೇಳಿದೆ. ಇವತ್ತೇ ಎಂದಳು. ನಿಮಗೆ ಹೇಳಿದರೆ ಗಾಬರಿಯಾಗುತ್ತೀರಿ ಅಂತ ಹೇಳಲಿಲ್ಲ ಅತ್ತೆ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅದಕ್ಕೆ ಬೈಯಲೂ ಹೊತ್ತಿರಲಿಲ್ಲ. ಆಗಲೇ ಹೊತ್ತು ಇಳಿಯುತ್ತಿತ್ತು.

ಹುಡುಗಿಯ ಫೋನು ಸ್ವಿಚ್ ಆಫ್. ಮತ್ತೆ ಮತ್ತೆ ಮಾಡಿಸಿದೆ. ಚಂದ್ರ ಶ್ರೀನಿವಾಸಪುರಕ್ಕೆ ಹೋಗಿದ್ದ. ಅವನಿಗೆ ಮಾಡಿದರೆ, ಅವಳು ನೋಡಿಕೊಳ್ಳುತ್ತಾಳೆ ಬಿಡಮ್ಮ, ಅಲ್ಲಿಗೆಲ್ಲ ನಾವು ಫೋನ್ ಮಾಡಿದರೆ ಅವಳಿಗೇ ಅವಮಾನ ಎಂದ. ಅವಳು ಕಲಿಯುವಲ್ಲಿಯ ಆಫೀಸಿನ ನಂಬರು ಕೊಡು ಎಂದೆ. ಕೊಟ್ಟ.

ನಾನು ಹೊರಗಿನವರ ಮುಂದೆ ಮನೆಯ ತಪ್ಪು ಆಡುವವಳಲ್ಲ. ತಪ್ಪು ನನ್ನದೇ ಆದಾಗ ಕೇಳುವುದೇ ಬೇಡ. ಆಫೀಸಿನವನು ಯಾರೋ ಎತ್ತಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ತೆಲುಗಿನಲ್ಲಿ ಮಾತಾಡಿದೆ. ನಮ್ಮ ಕಡೆಯ ತೆಲುಗು ಅವನಿಗೆ ನಗು ತರಿಸಿತೋ ಏನೋ, ಏನು ಪೂಜೆ, ಯಾವ ಸೆಲ್ಲು ಅಂತ ಎರಡು ಸಲ ಹೇಳಿಸಿದ. ಹುಡುಗಿಯ ಮೇಷ್ಟ್ರನ್ನು ಕರೆಯಪ್ಪ, ಆಮೇಲೆ ನಗುವಿಯಂತೆ ಎಂದೆ. ಕಾಯಿಸಿದ.

ಮೇಷ್ಟ್ರು ಬಂದರು. ದನಿಯಿಂದ ನಡುವಯಸ್ಸಿನವರು. ಅವರಿಗೆ ಎಲ್ಲ ಹೇಳಿದೆ. ತಟ್ಟೆ, ಕುಂಕುಮ, ಪ್ಯಾಕೆಟ್ಟು ಒಡೆದದ್ದು, ಬೆರೆಸಿದ್ದು. ನಾನು ಮಾಡಿದ್ದು, ಹುಡುಗಿಯದು ಏನೂ ತಪ್ಪಿಲ್ಲ ಎಂದೆ. ಅವರು ನಗಲಿಲ್ಲ. ಒಂದು ನಿಮಿಷ ಅಂತ ಹೇಳಿ ಯಾರಿಗೋ ಏನೋ ಕೂಗಿದರು. ಅವಳು ಇನ್ನೂ ವಿಮಾನ ಹತ್ತಿಲ್ಲ, ಟಾರ್ಚು ಹಿಡಿದು ಸುತ್ತ ಬರುತ್ತಿದ್ದಾಳೆ, ಕರೆಸುತ್ತೇನೆ ಎಂದರು.

ಆಮೇಲೆ ದನಿ ತಗ್ಗಿಸಿ ಕೇಳಿದರು. ಅವರು ಹೇಳಿದ್ದು ತೆಲುಗಿನಲ್ಲಿ, ಅರ್ಥ ಇಷ್ಟು. "ಅಮ್ಮಾ, ರಾತ್ರಿ ಹಾರೋದು ನಿಮಗೆ ಇಷ್ಟ ಇಲ್ಲ ಅಂತ ಹುಡುಗಿ ಹೇಳಿದ್ದಾಳೆ. ಮನೆಯವರ ಮನಸ್ಸು ಸರಿಯಿಲ್ಲದಾಗ ಮಕ್ಕಳನ್ನ ಮೊದಲ ಸಲ ಒಬ್ಬರನ್ನೇ ನಾನು ಕಳಿಸೋದಿಲ್ಲ. ಬೇಡ ಅನ್ನಿ, ಇವತ್ತು ನಿಲ್ಲಿಸ್ತೀನಿ. ಯಾಕೆ ಅಂತ ಅವಳಿಗೂ ಹೇಳೋದಿಲ್ಲ."

ಬೇಡ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಹೊರಗೆ ಕತ್ತಲು ಇಳಿದಿತ್ತು. ಸುತ್ತ ಬಂದು ಮುಗಿಸಿ ಅವಳು ಸುಮ್ಮನೆ ನಿಂತು ಕಣ್ಣು ಕತ್ತಲೆಗೆ ಹೊಂದಲಿ ಅಂತ ಕಾಯುತ್ತಿರುತ್ತಾಳೆ ಅಂತ ಯಾಕೋ ನೆನಪಾಯಿತು. ಅವರು ಹಲೋ, ಹಲೋ ಅನ್ನುತ್ತಿದ್ದರು.

"ಕೊತ್ತ ಸೆಲ್ಲುಲು ವೇಸಿ ಪಂಪಂಡಿ," ಎಂದೆ. ಹೊಸ ಸೆಲ್ ಹಾಕಿ ಕಳಿಸಿ. ಅವಳನ್ನು ಕಚೇರಿಯೊಳಗೆ ಕರೆಯಬೇಡಿ, ಟ್ಯೂಬ್‌ಲೈಟಿನಲ್ಲಿ ಕಣ್ಣು ಕೆಡುತ್ತದೆ, ಸೆಲ್ಲನ್ನು ಅವಳಿದ್ದಲ್ಲಿಗೇ ಕಳಿಸಿ ಅಂತಲೂ ಹೇಳಿದೆ. ಅವರು ಸರಿ ಅಮ್ಮಾ ಎಂದರು.

ಫೋನ್ ಇಟ್ಟ ಮೇಲೆ ವೆಂಕಟಲಕ್ಷ್ಮಿ ನನ್ನನ್ನು ಹಿಡಿದು ಕೂರಿಸಿದಳು. ಫೋನು ಚಾಪೆಯ ಮೇಲೆ ನಮ್ಮಿಬ್ಬರ ನಡುವೆ ಇದೆ.

ಈಗ ಮೇಲಕ್ಕೆ ಹೋಗಿರಬಹುದು.

ಇನ್ನೂ ಬಂದಿಲ್ಲ.

ಗಂಗುಲಪ್ಪ ಸೊಪ್ಪಿನ ಲೆಕ್ಕ ಕೇಳಲು ಬಂದ. ಆಮೇಲೆ ಬಾ ಎಂದೆ.

ಅಕ್ಟೋಬರ್ 12, ಭಾನುವಾರ

ಹುಳು ಹಣ್ಣಾಗುತ್ತಿವೆ. ಬೆಳಗಿನಿಂದ ಎಲ್ಲರೂ ಆಯ್ದು ಚಂದ್ರಿಕೆಗೆ ಬಿಡುತ್ತಿದ್ದೇವೆ. ಊಟಕ್ಕೆಂದು ಎದ್ದಾಗ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಫೋನ್ ಬಂತು. ಇಳಿದಳಂತೆ. ಒಂದು ಸಲವಲ್ಲ, ಮತ್ತೆ ಹತ್ತಿಸಿ ಮತ್ತೆ ಇಳಿಸಿದಳಂತೆ. ತಾಯಿ ಅಳುತ್ತಿದ್ದಳು, ಹುಡುಗಿ ನಗುತ್ತಿದ್ದಳು. ಆಮೇಲೆ ಫೋನ್ ಅಜ್ಜಿಗೆ ಕೊಡು ಅಂದಳಂತೆ.

ಮೇಷ್ಟ್ರು ನಾನು ತುಂಬಿದ ಸೆಲ್ಲುಗಳ ಸಮೇತ ಎರಡು ಟಾರ್ಚನ್ನೂ ಹಚ್ಚಿ ಮೇಜಿನ ಮೇಲಿಟ್ಟು, ಎಲ್ಲ ಹುಡುಗರನ್ನೂ ಕರೆದು ತೋರಿಸಿದರಂತೆ. ಟೀ ಕುಡಿದು ಲೋಟ ಇಡುವಷ್ಟರಲ್ಲಿ ಒಂದು ಕೆಂಡದ ಬಣ್ಣಕ್ಕೆ ಬಂದು ನಂದಿತು. ಇನ್ನೊಂದು ಸ್ವಲ್ಪ ತಡವಾಗಿ ಅದೇ ದಾರಿ ಹಿಡಿಯಿತು. ಕಾಗದದಲ್ಲಿ ಸುತ್ತಿದ್ದವೂ ಅಷ್ಟೇ. ಅಲ್ಲಿಯವರೆಗೆ ಮೇಷ್ಟ್ರ ಟಾರ್ಚಿನಲ್ಲೇ ಕೆಲಸ ನಡೆದಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲವಂತೆ. ಹುಡುಗರೆಲ್ಲ ಅವಳಿಗೆ ಕುಂಕುಮ ಕ್ಯಾಪ್ಟನ್ ಅಂತ ಹೆಸರಿಟ್ಟಿದ್ದಾರಂತೆ. ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಆಮೇಲೆ ನಗು ನಿಲ್ಲಿಸಿದಳು. "ಅಜ್ಜಿ, ಸರ್ ಎಲ್ಲಾ ಹೇಳಿದ್ರು. ನೀನ್ ಬೇಡ ಅಂದಿದ್ರೆ ನಿಲ್ಲಿಸ್ತಿದ್ರಂತೆ. ಯಾಕ್ ಅನ್ಲಿಲ್ಲ?"

"ಸೆಲ್ ಬೆರೆಸಿದ್ದು ನಾನು ಕಣೇ. ಸರಿ ಮಾಡಿದ್ದೂ ನಾನು. ಅಷ್ಟಕ್ಕೇ ಫೋನ್ ಮಾಡಿದ್ದು."

ನನಗೆ ಅದರಲ್ಲಿ ಕೇಳುವಂಥದ್ದೇನಿದೆ ಅಂತ ಗೊತ್ತಾಗಲಿಲ್ಲ. ರಾತ್ರಿ ಹಾರುವುದು ನನಗೆ ಇವತ್ತಿಗೂ ಇಷ್ಟವಿಲ್ಲ. ಅದನ್ನು ಅವಳಿಗೂ ಹೇಳಿದೆ, ಗೊತ್ತು ಅಜ್ಜಿ ಎಂದಳು.

ಬುಧವಾರ ಮತ್ತೆ ಹೋಗುತ್ತಾಳಂತೆ, ಈ ಸಲ ದೂರದ ಊರಿನವರೆಗೆ ಹೋಗಿ ಬರಬೇಕು. ಹೊರಡುವ ಮೊದಲು ಫೋನ್ ಮಾಡು ಎಂದೆ. ಹೋಗಬೇಡ ಅನ್ನೋಕಾ ಅಂತ ಕೇಳಿದಳು.

ಹೋಗಿ ಬಾ ಅನ್ನೋಕೆ ಎಂದೆ.